ತಾಲ್ಲೂಕಿನಲ್ಲೇ ಸಿಗುವ ಮನಸ್ಸಿನ ಡಾಕ್ಟರು

ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಕ್ಕೊಂದು ವಿಶೇಷವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿಯಾದ ಮಂಗಳವಾರಗಳಂದು ಮನೋವೈದ್ಯರು ಅಲ್ಲಿಗೇ ಬರುತ್ತಾರೆ. ಹೊರರೋಗಿ ಚೀಟಿ ಮಾಡಿಸಿ, ಜ್ವರಕ್ಕೆ ಬಂದವರ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು, ಸರದಿ ಬಂದಾಗ ಒಳಗೆ ಹೋಗಿ ಮಾತಾಡಬಹುದು. ತಿಂಗಳುಗಟ್ಟಲೆ ನಿದ್ದೆಗೆಟ್ಟವರು, ಬಾಣಂತನದಲ್ಲಿ ಕಾರಣ ತಿಳಿಯದೆ ಅಳುವ ಹೆಣ್ಣುಮಕ್ಕಳು, ಕುಡಿತ ಬಿಡಲಾಗದವರು, ಪರೀಕ್ಷೆಯ ಭಯಕ್ಕೆ ಊಟ ಬಿಟ್ಟ ಹುಡುಗರು, ಇವರೆಲ್ಲ ಬೆಂಗಳೂರಿನ ಬಸ್ಸು ಹತ್ತುವ ಮೊದಲು ತಟ್ಟಬಹುದಾದ ಬಾಗಿಲು ಇದು. ಇಂಥದ್ದೊಂದು ಇದೆಯೆಂದು ಗೊತ್ತಿರುವವರು ಕಡಿಮೆ ಎನ್ನುವುದೇ ನನ್ನ ಸಂಕಟ.

ಇದರ ಬೇರು ಇರುವುದೂ ನಮ್ಮ ನೆಲದಲ್ಲೇ. 1970ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮನೋರೋಗಕ್ಕೆ ಚಿಕಿತ್ಸೆ ಸಾಧ್ಯವೇ ಎಂದು ಪರೀಕ್ಷಿಸಿದರು. 1980ರ ದಶಕದಲ್ಲಿ ಬಳ್ಳಾರಿ ಅದನ್ನು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಮಾದರಿಯಾಗಿ ಇಟ್ಟುಕೊಂಡಿದ್ದು ಬಳ್ಳಾರಿಯನ್ನೇ. ಇವತ್ತು ಜಿಲ್ಲಾಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ತಂಡ ಎಲ್ಲಿ ಕೂರುತ್ತದೆ ಎಂದು ವಿಚಾರಿಸಿದರೆ ದಾರಿ ಸಿಗುತ್ತದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಖಾಸಗಿಯಾಗಿ ಹುಡುಕುವವರು ಯಾರು ಏನೆಂದು ತಿಳಿದಿರಬೇಕು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಇದೇ ವಿಷಯದಲ್ಲಿ ಮುಂದೆ ಓದಿದವರು, ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಅವರು ಮಾತಿನ ಚಿಕಿತ್ಸೆ ನಡೆಸುತ್ತಾರೆ, ಮಾತ್ರೆ ಕೊಡುವುದಿಲ್ಲ. ಆಪ್ತಸಮಾಲೋಚಕರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಆ ಬೋರ್ಡು ಹಾಕಿಕೊಂಡವರಲ್ಲಿ ಎರಡು ವರ್ಷ ಎಂಎಸ್ಸಿ ಓದಿದವರೂ ಇದ್ದಾರೆ, ವಾರಾಂತ್ಯದ ಶಿಬಿರದಲ್ಲಿ ಸರ್ಟಿಫಿಕೇಟು ಪಡೆದವರೂ ಇದ್ದಾರೆ. ಎಲ್ಲಿ ಓದಿದಿರಿ, ನನ್ನಂಥ ತೊಂದರೆಯವರನ್ನು ನೋಡಿದ್ದೀರಾ, ಒಂದು ಭೇಟಿ ಎಷ್ಟು ಹೊತ್ತು, ಫೀಸು ಎಷ್ಟು ಎಂದು ಫೋನಿನಲ್ಲೇ ಕೇಳಿಬಿಡಿ. ಒಳ್ಳೆಯವರು ಬೇಸರಿಸಿಕೊಳ್ಳುವುದಿಲ್ಲ.

ಇನ್ನೊಂದನ್ನು ನಾನು ಒತ್ತಿ ಹೇಳುತ್ತೇನೆ: ಯಾವ ಭಾಷೆಯಲ್ಲಿ ಮಾತಾಡುತ್ತೀರಿ ಎಂದೂ ಕೇಳಬೇಕು. ಎದೆ ಭಾರವಾಗಿದೆ, ಜೀವ ಬೇಸತ್ತಿದೆ, ಹೊಟ್ಟೆಯೊಳಗೆ ಸಂಕಟ ಎಂದು ಹೇಳುವವರನ್ನು ಅದೇ ಕನ್ನಡದಲ್ಲಿ ಕೇಳಿಸಿಕೊಳ್ಳುವವರು ಬೇಕು. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಕನ್ನಡದಲ್ಲಿ ಪುಸ್ತಕ ಬರೆದು, ಬೆಂಗಳೂರಿನ 'ಸಮಾಧಾನ' ಕೇಂದ್ರದಲ್ಲಿ ಉಚಿತ ಸಲಹೆ ನೀಡುತ್ತ ಮಾಡಿದ್ದು ಈ ಕೆಲಸವನ್ನೇ.

ಊರಿಗೆಲ್ಲ ಗೊತ್ತಾಗುತ್ತದೆ, ಮಗಳಿಗೆ ಸಂಬಂಧ ಕೂಡಿಬರುವುದಿಲ್ಲ ಎಂಬ ಅಂಜಿಕೆ ಸಣ್ಣದಲ್ಲ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಚಿಕಿತ್ಸೆಯ ವಿವರ ಗುಟ್ಟಾಗಿರುವುದನ್ನು ರೋಗಿಯ ಹಕ್ಕಾಗಿ ಮಾಡಿದೆ. ಜೀವಕ್ಕೆ ಅಪಾಯವಿರುವಂಥ ಕೆಲವೇ ಸಂದರ್ಭಗಳು ಇದಕ್ಕೆ ಹೊರತು. ಮುಖ ತೋರಿಸಲೂ ಹಿಂಜರಿಯುವವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದು. ಹಗಲಿರುಳೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಸಾಯಬೇಕೆಂಬ ಯೋಚನೆ ಸುಳಿದರಂತೂ ಮಂಗಳವಾರಕ್ಕೆ ಕಾಯಬಾರದು. ಆಗಲೇ ಕರೆ ಮಾಡಬೇಕು, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ಮೊದಲ ಭೇಟಿಯಲ್ಲಿ ಪರಿಹಾರ ಕೈಗೆ ಬರುವುದಿಲ್ಲ. ಮನೆ, ಕೆಲಸ, ನಿದ್ದೆ, ಹಸಿವು ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಬಹುದು. ಮೂರ್ನಾಲ್ಕು ಭೇಟಿಯಾದ ಮೇಲೂ ಮನಸ್ಸು ಬಿಚ್ಚಲಾಗದಿದ್ದರೆ ಅದನ್ನು ಅವರಿಗೇ ಹೇಳಿ, ಬೇರೊಬ್ಬರ ಹೆಸರು ಕೇಳಿ. ಮಾತ್ರೆ ನುಂಗುತ್ತಿರುವವರು ಡಾಕ್ಟರನ್ನು ಬದಲಿಸುವಾಗ ತಾವಾಗಿಯೇ ಅದನ್ನು ನಿಲ್ಲಿಸಬಾರದು, ಹಿಂದಿನವರು ಬರೆದುಕೊಟ್ಟದ್ದನ್ನೆಲ್ಲ ಹೊಸಬರಿಗೆ ತೋರಿಸಬೇಕು.