ಬೂಷ್ಟಿಗೆ ಬೂಷ್ಟೇ ಮದ್ದು!

ಉಪ್ಪಿನಕಾಯಿ ಜಾಡಿಯಲ್ಲಿ ಬೂಷ್ಟು ಕಂಡರೆ ನಮ್ಮ ಎದೆ ಧಸಕ್ಕೆನ್ನುತ್ತದೆ, ಅಲ್ಲವೇ? ಆದರೆ ಸೋದರಿಯರೇ, ಭತ್ತದ ಬೆಳೆ ಕಾಯುವ ಒಳ್ಳೆಯ ಬೂಷ್ಟೂ ಒಂದಿದೆ. ಅದರ ಹೆಸರು ಟ್ರೈಕೋಡರ್ಮ.

ಸಿ.ವಿ. ರಾಮನ್ ನಗರದಲ್ಲಿ ಕೂತು ಮೂಟೆ ಅಕ್ಕಿ ಕೊಂಡು ಉಣ್ಣುವವಳಿಗೆ ಈ ಉಸಾಬರಿ ಏಕೆ ಎನ್ನುತ್ತೀರೇನೋ. ನನ್ನ ತವರು ಮಂಡ್ಯದ ಕಡೆ. ನಮ್ಮ ಮನೆಯಲ್ಲಿ ಬಿತ್ತನೆ ಭತ್ತ ನೆನೆಹಾಕಿ ಗೋಣಿಯಲ್ಲಿ ಮೊಳಕೆ ಕಟ್ಟುವುದು ಇವತ್ತಿಗೂ ಹೆಂಗಸರ ಕೆಲಸವೇ. ಬೀಜಕ್ಕೆ ಔಷಧಿ ಪುಡಿ ಕಲಸುವುದೂ ಅದೇ ಕೈ, ಮಗುವಿಗೆ ತುತ್ತು ಕೊಡುವುದೂ ಅದೇ ಕೈ. ನೀವೇ ಯೋಚಿಸಿ.

ಭತ್ತಕ್ಕೆ ಬರುವ ಬೆಂಕಿ ರೋಗ, ಕಂದು ಚುಕ್ಕೆ, ಎಲೆ ಕವಚ ಒಣಗುವ ರೋಗ ಎಲ್ಲವೂ ಬೂಷ್ಟಿನ ಜಾತಿಯ ಶಿಲೀಂಧ್ರಗಳಿಂದಲೇ ಬರುವಂಥವು. ಟ್ರೈಕೋಡರ್ಮ ಇಂಥ ಶತ್ರುವಿನ ಎಳೆಗೆ ಬಳ್ಳಿಯ ಹಾಗೆ ಸುತ್ತಿಕೊಂಡು, ಅದರ ಗೋಡೆ ಕರಗಿಸಿ ಸಾರ ಹೀರಿಬಿಡುತ್ತದೆ. ವೈಂಡ್ಲಿಂಗ್ ಎಂಬ ವಿಜ್ಞಾನಿ ಇದನ್ನು 1932ರಲ್ಲೇ ಬರೆದಿಟ್ಟರು. ನಮ್ಮ ಹೆಬ್ಬಾಳದಲ್ಲಿ 1993ರಲ್ಲಿ ಜೈವಿಕ ನಿಯಂತ್ರಣಕ್ಕೆಂದೇ ಕೇಂದ್ರದ ನಿರ್ದೇಶನಾಲಯ ಆರಂಭವಾಯಿತು. ಈಗ ಅದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ. ಕೀಟದ ಹೆಸರಿದ್ದರೂ ಈ ಬೂಷ್ಟಿನ ಸಂಶೋಧನೆಯೂ ಅಲ್ಲಿ ನಡೆದಿದೆ.

ಬಳಸುವ ಕ್ರಮ ಅಡಿಗೆಗಿಂತ ಸುಲಭ. ನೆನೆಸಿ ಬಸಿದ ಬೀಜ ಕಿಲೋಗೆ 10 ಗ್ರಾಂ ಪುಡಿ ಹಾಕಿ, ಕಾಳು ಕಾಳಿಗೂ ಅಂಟುವಂತೆ ಕಲಸಿ, ನೆರಳಲ್ಲಿ ಮೊಳಕೆಗೆ ಕಟ್ಟಿಡಿ. ಗದ್ದೆಗಾದರೆ 100 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 1 ಕಿಲೋ ಬೆರೆಸಿ, ನೀರು ಚಿಮುಕಿಸಿ, ಗೋಣಿ ಮುಚ್ಚಿ ಒಂದೆರಡು ವಾರ ನೆರಳಲ್ಲಿಟ್ಟು ಆಮೇಲೆ ಹರಡಬೇಕು. ಪೊಟ್ಟಣದ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಅನುಸರಿಸಿ.

ಇದು ಸತ್ತ ಪುಡಿಯಲ್ಲ, ಜೀವ ಇರುವಂಥದ್ದು. ಮೊಸರಿನ ಹೆಪ್ಪನ್ನು ಕುದಿಯುವ ಹಾಲಿಗೆ ಹಾಕುತ್ತೀರಾ? ಹಾಗೆಯೇ ಇದನ್ನು ಬಿಸಿಲಿಗಿಡಬಾರದು, ಶಿಲೀಂಧ್ರ ಕೊಲ್ಲುವ ರಾಸಾಯನಿಕದ ಜೊತೆ ಬೆರೆಸಲೂಬಾರದು. ಕೊಳ್ಳುವಾಗ ತಾರೀಖು ನೋಡಿ. ಅವಧಿ ಮೀರಿದ್ದು ಕಾಸಿಗೆ ದಂಡ. ರೈತ ಸಂಪರ್ಕ ಕೇಂದ್ರದಲ್ಲಿ, ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಇನ್ನೊಂದು ಮಾತು. ಇದು ಮುಂಚಿತವಾಗಿ ಕಾಯುವ ಕಾವಲುಗಾರ, ರೋಗ ಬಲಿತ ಮೇಲೆ ಬರುವ ಡಾಕ್ಟರಲ್ಲ. ತೆನೆಯ ಕುತ್ತಿಗೆಗೆ ಬೆಂಕಿ ರೋಗ ತಗುಲಿದಾಗ ಇದನ್ನೊಂದನ್ನೇ ನಂಬಿ ಕೂರಬೇಡಿ, ಕೃಷಿ ಅಧಿಕಾರಿಯನ್ನು ಕೇಳಿ.

ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಉಬ್ಬಸ ಇರುವವರು ದೂರವಿರಿ. ಅಡಿಗೆಮನೆಯ ಬೋಗುಣಿ ಮಾತ್ರ ಖಂಡಿತ ಬೇಡ; ಅದಕ್ಕೆಂದೇ ಹಳೆಯ ಬಕೀಟೊಂದನ್ನು ಎತ್ತಿಡಿ.