ನಾಲ್ಕು ತಂತಿ, ಒಂದು ಠೇಕಾ: ಹಾಡುಗಳ ಮೂಲಕ ಬೇಸ್ ಗಿಟಾರ್ ಕಲಿಕೆ

ಕೊಲ್ಹಾಪುರ: ಆರ್ಕೆಸ್ಟ್ರಾದಲ್ಲಿ ಗಾಯಕನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಢೋಲಕಿ ಬಾರಿಸುವವನಿಗೆ ಶಿಳ್ಳೆ ಬೀಳುತ್ತವೆ. ಹಿಂದೆ ನಿಂತು ನಾಲ್ಕು ದಪ್ಪ ತಂತಿ ಮೀಟುವವನತ್ತ ಮಾತ್ರ ಯಾರ ಗಮನವೂ ಹೋಗುವುದಿಲ್ಲ. ಆದರೆ ಆತ ಕೈ ನಿಲ್ಲಿಸಿದರೆ ಹಾಡಿನ ಬುಡವೇ ಅಲುಗಾಡಿದಂತಾಗುತ್ತದೆ. ಆತನ ಕೈಯಲ್ಲಿರುವುದೇ ಬೇಸ್ ಗಿಟಾರ್.

ಈಗ ಆ ಜಾಗಕ್ಕೇ ಕುತ್ತು ಬಂದಿದೆ. ಕೀಬೋರ್ಡ್ ನುಡಿಸುವವನ ಎಡಗೈಯೇ ಎಷ್ಟೋ ಕಡೆ ಬೇಸ್ ಕೆಲಸ ಮಾಡುತ್ತದೆ. ಅದೂ ಇಲ್ಲದಿದ್ದರೆ ಮೊದಲೇ ತಯಾರಾದ ಟ್ರ್ಯಾಕ್ ಹಾಕಿ ಹಾಡುವುದು, ಅಥವಾ ನೇರವಾಗಿ ಡಿಜೆ ಕರೆಸುವುದು. ಹೀಗಾಗಿ ಕಲಿಯಬೇಕೆಂಬ ಆಸೆಯಿರುವ ಹಳ್ಳಿಯ ಹುಡುಗ ಹುಡುಗಿಯರಿಗೆ ಎದುರು ಕುಳಿತು ನೋಡಲು ವಾದಕರೇ ಸಿಗುವುದು ಕಷ್ಟ. ಇಂಟರ್‌ನೆಟ್‌ನಲ್ಲಿ ಪಾಠಗಳು ಬೇಕಾದಷ್ಟಿವೆ, ಆದರೆ ಹೆಚ್ಚಿನವು ಇಂಗ್ಲಿಷಿನಲ್ಲಿ. ಹಾಗೆಂದು ಎದೆಗುಂದಬೇಕಿಲ್ಲ. ಭಜನೆಯ ಪೇಟಿ, ತಬಲಾ ಕೇಳಿ ಬೆಳೆದವರಿಗೆ ಈ ವಾದ್ಯ ಕಬ್ಬಿಣದ ಕಡಲೆಯೇನಲ್ಲ.

ವಾದ್ಯದ ಪರಿಚಯ

ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ‘ಪ್ರಿಸಿಷನ್ ಬೇಸ್’ ಈ ವಾದ್ಯವನ್ನು ಜನಪ್ರಿಯಗೊಳಿಸಿತು. ದಪ್ಪದಿಂದ ತೆಳುವಿಗೆ ಇದರ ತಂತಿಗಳು ಇ, ಎ, ಡಿ, ಜಿ. ಸಾಮಾನ್ಯ ಗಿಟಾರಿನ ನಾಲ್ಕು ದಪ್ಪ ತಂತಿಗಳ ಸ್ವರಗಳೇ ಇಲ್ಲಿ ಒಂದು ಸಪ್ತಕ ಕೆಳಗೆ ನುಡಿಯುತ್ತವೆ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿನಿಂದ ಇಷ್ಟು ತಗ್ಗಿನ ಧ್ವನಿ ಸರಿಯಾಗಿ ಹೊರಡದು. ಆದ್ದರಿಂದ ಹಾಡಿನ ಬೇಸ್ ಕೇಳಲು ಇಯರ್‌ಫೋನ್ ಬೇಕೇಬೇಕು.

ಒಂದು ತಂತಿಯ ಯಾವುದೇ ಕಟ್ಟನ್ನು, ಅಂದರೆ ಫ್ರೆಟ್ಟನ್ನು, ‘ಸಾ’ ಎಂದುಕೊಂಡರೆ ಅದರ ಪಕ್ಕದ ತೆಳು ತಂತಿಯ ಅದೇ ಕಟ್ಟು ‘ಮ’. ಅಲ್ಲಿಂದ ಎರಡು ಕಟ್ಟು ಮುಂದೆ ‘ಪ’. ಅದರಾಚೆಯ ತಂತಿಯಲ್ಲಿ ‘ಪ’ ಇದ್ದ ಕಟ್ಟಿನಲ್ಲೇ ಮೇಲಿನ ‘ಸಾ’ ಸಿಗುತ್ತದೆ. ಸಾ, ಪ, ಸಾ ಎಂಬ ಈ ಮೂರು ಜಾಗ ಬೆರಳಿಗೆ ಹತ್ತಿದರೆ ಅರ್ಧ ಹಾಡುಗಳಿಗೆ ಸಾಥ್ ಕೊಡಬಹುದು.

ಬಲಗೈಯ ತೋರುಬೆರಳು, ನಡುಬೆರಳು ಒಂದಾದ ಮೇಲೊಂದರಂತೆ ತಂತಿ ಮೀಟಬೇಕು. ಎಡಗೈಯಲ್ಲಿ ಕಟ್ಟಿನ ಮೇಲೆ ಒತ್ತದೆ, ಅದರ ಬೆನ್ನಿಗೇ ಒತ್ತಿದರೆ ಕಡಿಮೆ ಬಲದಲ್ಲಿ ಸ್ವಚ್ಛ ನಾದ ಬರುತ್ತದೆ. ಬಾರಿಸದ ತಂತಿಗಳನ್ನು ಬೆರಳು ತಾಗಿಸಿ ಸುಮ್ಮನಿರಿಸುವುದು ಇನ್ನೊಂದು ಅಗತ್ಯ ವಿದ್ಯೆ. ಇಲ್ಲದಿದ್ದರೆ ಎಲ್ಲ ಸ್ವರಗಳೂ ಕಲಸಿ ಗುಂಯ್ ಎನ್ನುತ್ತವೆ.

ಹಾಡುಗಳೇ ಪಾಠ

ಮೊದಲ ಪಾಠಕ್ಕೆ ಬೆನ್ ಇ. ಕಿಂಗ್ ಹಾಡಿದ ‘ಸ್ಟ್ಯಾಂಡ್ ಬೈ ಮಿ’ (1961) ಸೂಕ್ತ. ಸಾ, ಧ, ಮ, ಪ ಎಂಬ ನಾಲ್ಕೇ ಸ್ವರಗಳ ಆಧಾರದ ಮೇಲೆ ಇಡೀ ಹಾಡು ಸುತ್ತುತ್ತದೆ. ದಪ್ಪ ತಂತಿಯ 5ನೇ ಕಟ್ಟು ಸಾ, 2ನೇ ಕಟ್ಟು ಕೆಳಗಿನ ಧ. ಪಕ್ಕದ ತಂತಿಯ 5ನೇ ಕಟ್ಟು ಮ, 7ನೇ ಕಟ್ಟು ಪ.

ಎರಡನೆಯದು ಕ್ವೀನ್ ತಂಡದ ‘ಅನದರ್ ವನ್ ಬೈಟ್ಸ್ ದ ಡಸ್ಟ್’ (1980). ಜಾನ್ ಡೀಕನ್ ಒಂದೇ ಸ್ವರವನ್ನು ಮೂರು ಸಲ ಬಾರಿಸಿ ತಡೆಯುತ್ತಾರೆ. ಆ ಖಾಲಿ ಜಾಗವೂ ತಾಳದ ಭಾಗವೇ ಎಂಬುದು ಇಲ್ಲಿನ ಪಾಠ. ಮೂರನೆಯದು ಮೈಕೆಲ್ ಜಾಕ್ಸನ್‌ರ ‘ಥ್ರಿಲ್ಲರ್’ (1982) ಆಲ್ಬಂನ ‘ಬಿಲ್ಲಿ ಜೀನ್’. ಲೂಯಿಸ್ ಜಾನ್ಸನ್ ಅವರ ಬೇಸ್ ಇಲ್ಲಿ ಎಂಟೆಂಟು ಸಮ ಪೆಟ್ಟುಗಳಲ್ಲಿ ಓಡುತ್ತದೆ. ಭಜನೆಯ ಕೆಹರವಾದ ಎಂಟು ಮಾತ್ರೆ ಎಣಿಸಿ ಬಲ್ಲವರಿಗೆ ಇದು ಹೊಸತೇನಲ್ಲ.

ಹೆಬ್ಬೆರಳಿಂದ ತಂತಿಗೆ ಬಡಿಯುವ ‘ಸ್ಲ್ಯಾಪ್’ ಪದ್ಧತಿ ಹುಟ್ಟಿದ್ದು ಅಡಚಣೆಯಿಂದ. ತಾಯಿಯ ಜೊತೆ ನುಡಿಸುತ್ತಿದ್ದ ಲ್ಯಾರಿ ಗ್ರಹಾಂಗೆ ಡ್ರಮ್ ಬಾರಿಸುವವನಿರಲಿಲ್ಲ. ಹೆಬ್ಬೆರಳ ಪೆಟ್ಟನ್ನೇ ದೊಡ್ಡ ಡ್ರಮ್ಮಿನಂತೆ, ಬೆರಳಿಂದ ಎಳೆದು ಬಿಟ್ಟ ಸದ್ದನ್ನು ಸಣ್ಣ ಡ್ರಮ್ಮಿನಂತೆ ಬಳಸಿದರು. ಕಲಿಯುವವರು ಇದನ್ನು ಕೊನೆಗೆ ಹಿಡಿಯುವುದೇ ಲೇಸು.

ನಮ್ಮ ಹಾಡುಗಳಿಗೆ ಬಂದರೆ, ಶಂಕರ್‌ನಾಗ್ ನಿರ್ದೇಶನದ ‘ಗೀತಾ’ (1981) ಹಾಗೂ ಮಣಿರತ್ನಂ ನಿರ್ದೇಶನದ ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳನ್ನು ಬಿಡುವಂತಿಲ್ಲ. ಎರಡಕ್ಕೂ ಇಳಯರಾಜಾ ಸಂಗೀತ. ಗಾಯನವನ್ನು ಬದಿಗಿಟ್ಟು ಬೇಸ್ ಒಂದನ್ನೇ ಹಿಂಬಾಲಿಸಿ ಕೇಳಿದರೆ, ಕೆಳಗೆ ಇನ್ನೊಂದು ಹಾಡೇ ನಡೆದಿರುವುದು ತಿಳಿಯುತ್ತದೆ.

ಎರಡು ಭಾಷೆ, ಒಂದೇ ಬೇಸ್

ಗಡಹಿಂಗ್ಲಜ ಸುತ್ತಿನ ಗಡಿ ಹಳ್ಳಿಗಳ ಜಾತ್ರೆಯಲ್ಲಿ ಮರಾಠಿ ಹಾಡಿನ ಬೆನ್ನಿಗೇ ಕನ್ನಡ ಹಾಡಿನ ಚೀಟಿ ಬರುತ್ತದೆ. ಇಲ್ಲಿ ಎರಡೂ ಬಲ್ಲ ವಾದಕನಿಗೆ ಅನುಕೂಲ ಹೆಚ್ಚು. 2016ರ ಮರಾಠಿ ‘ಸೈರಾಟ್’ ಮರುವರ್ಷ ಕನ್ನಡದಲ್ಲಿ ‘ಮನಸು ಮಲ್ಲಿಗೆ’ಯಾಗಿ ಬಂತು. ಎರಡಕ್ಕೂ ಅಜಯ್-ಅತುಲ್ ಅವರದೇ ಸಂಗೀತ. ಗಾಯಕ ಎರಡು ಸಲ ಸಾಹಿತ್ಯ ಬಾಯಿಪಾಠ ಮಾಡಬೇಕು, ಬೇಸ್ ವಾದಕ ಧಾಟಿಯನ್ನು ಒಮ್ಮೆ ಕಲಿತರೆ ಸಾಕು.

ಸ್ವರ ಬರೆದುಕೊಂಡು ಕಲಿಯುವ ರೂಢಿಯೂ ಈ ಭಾಗಕ್ಕೆ ಹೊರಗಿನದಲ್ಲ. ಇಚಲಕರಂಜಿಯ ಹೆಸರನ್ನೇ ಹೊತ್ತ ಬಾಳಕೃಷ್ಣಬುವಾ ಇಚಲಕರಂಜಿಕರ (1849-1926) ಅವರ ಶಿಷ್ಯ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, ಸ್ವರಲಿಪಿಯ ಪುಸ್ತಕಗಳ ಮೂಲಕ ಸಂಗೀತವನ್ನು ಸಾಮಾನ್ಯರ ಬಳಿಗೆ ತಂದರು. ಇಂಗ್ಲಿಷ್ ಅಕ್ಷರಗಳ ಬದಲು ಸರಿಗಮದಲ್ಲೇ ಬೇಸ್ ಬರೆದಿಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಹೊಸಬರು ದಿನಕ್ಕೆ ಅರ್ಧ ತಾಸು, ನಿಧಾನ ಲಯದಲ್ಲಿ, ಒಂದೇ ಹಾಡು ಹಿಡಿದು ಕೂತರೆ ಸಾಕು. ಊರ ಭಜನಾ ಮಂಡಳಿಯ ತಬಲಾದವರನ್ನು ಜೊತೆಗೆ ಕೂಡಿಸಿಕೊಂಡು ಅವರ ಡಗ್ಗಾದ ಪೆಟ್ಟಿಗೆ ತನ್ನ ‘ಸಾ’ ಸೇರಿಸುವುದನ್ನು ರೂಢಿಸಿಕೊಳ್ಳಬೇಕು. ಟ್ರ್ಯಾಕ್ ಒಮ್ಮೆ ಶುರುವಾದರೆ ಗಾಯಕನಿಗಾಗಿ ಕಾಯುವುದಿಲ್ಲ. ಗಾಯಕ ಒಂದು ಸಾಲು ತಪ್ಪಿದಾಗ ಅವನನ್ನು ಕಾದು ಮತ್ತೆ ಸಮ್‌ಗೆ ಕರೆತರುವುದು ವೇದಿಕೆಯ ಮೇಲಿನ ವಾದಕರಿಂದ ಮಾತ್ರ ಸಾಧ್ಯ.