ದವಡೆಯ ಮೂಳೆ ಮತ್ತು ಅಜ್ಜಿಯ ಮಾತ್ರೆ

ಬೆಂಕಿಕಡ್ಡಿಗೂ ದವಡೆಯ ಮೂಳೆಗೂ ಏನು ಸಂಬಂಧ ಎಂದರೆ ಯಾರಿಗಾದರೂ ನಗು ಬಂದೀತು. ಆದರೆ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಅದು ನಗುವ ಮಾತಾಗಿರಲಿಲ್ಲ. ಬಿಳಿ ರಂಜಕದಿಂದ ಕಡ್ಡಿ ತಯಾರಿಸುತ್ತಿದ್ದ ಎಷ್ಟೋ ಕೆಲಸಗಾರರಿಗೆ ಮೊದಲು ಹಲ್ಲುನೋವು, ಆಮೇಲೆ ಕೀವು, ಕೊನೆಗೆ ದವಡೆಯ ಮೂಳೆಯೇ ಸತ್ತು ಕೊಳೆಯುತ್ತಿತ್ತು. 1906ರ ಬರ್ನ್ ಒಪ್ಪಂದದ ನಂತರ ದೇಶಗಳು ಒಂದೊಂದಾಗಿ ಇಂಥ ಕಡ್ಡಿಗಳನ್ನು ನಿಷೇಧಿಸಿದವು. ರೋಗವೂ ಮರೆಯಾಯಿತು.

ಅದನ್ನು ಹೋಲುವ ತೊಂದರೆಯೊಂದು 2003ರಲ್ಲಿ ವೈದ್ಯರ ಗಮನ ಸೆಳೆಯಿತು. ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್, 36 ರೋಗಿಗಳ ಬಾಯಲ್ಲಿ ದವಡೆಯ ಮೂಳೆ ಒಸಡಿನಿಂದ ಹೊರಬಂದು ಮಾಯದೆ ಉಳಿದಿದ್ದನ್ನು ವರದಿ ಮಾಡಿದರು. ಅವರಲ್ಲಿ ಹೆಚ್ಚಿನವರು ಕ್ಯಾನ್ಸರ್ ರೋಗಿಗಳು. ಬಿಸ್ಫಾಸ್ಫೊನೇಟ್ ಗುಂಪಿನ ಔಷಧ ಪಡೆದವರು.

ಹಾಗೆಂದು ಈ ಔಷಧಗಳು ವಿಷವಲ್ಲ. ನಮ್ಮ ಮೂಳೆ ಗೋಡೆಯ ಕಲ್ಲಿನಂತೆ ಜಡವಲ್ಲ. ಹಳೆಯ ಮೂಳೆಯನ್ನು ಕೆಡಹುವ ಮತ್ತು ಹೊಸದನ್ನು ಕಟ್ಟುವ ಜೀವಕೋಶಗಳು ಅದರಲ್ಲಿ ಸದಾ ದುಡಿಯುತ್ತಿರುತ್ತವೆ. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತ ಹೆಂಗಸರಲ್ಲಿ, ಕೆಡಹುವ ಕೆಲಸವೇ ಮೇಲುಗೈಯಾಗಿ ಮೂಳೆ ಟೊಳ್ಳಾಗುತ್ತದೆ. ಔಷಧವು ಕೆಡಹುವ ಕೋಶಗಳಿಗೆ ಕಡಿವಾಣ ಹಾಕಿ ಬೆನ್ನು, ಸೊಂಟದ ಮೂಳೆ ಮುರಿಯದಂತೆ ಕಾಯುತ್ತದೆ. ಆದರೆ ಹಲ್ಲು ಕಿತ್ತ ಕುಳಿ ಮಾಯಬೇಕಾದರೆ ಕೆಡಹುವವರೂ ಬೇಕು, ಕಟ್ಟುವವರೂ ಬೇಕು. ಮೇಲಾಗಿ ಬಾಯಿ ಸೂಕ್ಷ್ಮಜೀವಿಗಳ ಸಂತೆ. ತೊಂದರೆ ಶುರುವಾಗುವುದು ಇಲ್ಲಿ. ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದಿನಿಂದಲೂ ಹೀಗಾಗಬಹುದು.

ಹೆದರುವ ಕಾರಣವಿಲ್ಲ. ಮೂಳೆ ಸವೆತಕ್ಕೆ ಮಾತ್ರೆ ನುಂಗುವವರಲ್ಲಿ ಇದು ಹತ್ತು ಸಾವಿರಕ್ಕೆ ಕೆಲವರಿಗಷ್ಟೇ ಬರುತ್ತದೆ. ಕ್ಯಾನ್ಸರ್‌ಗಾಗಿ ಹೆಚ್ಚಿನ ಪ್ರಮಾಣದ ಚುಚ್ಚುಮದ್ದು ಪಡೆಯುವವರಲ್ಲಿ ನೂರಕ್ಕೆ ಕೆಲವರಿಗೆ ಬರಬಹುದು.

ಉಪಾಯ ಸರಳ. ಔಷಧ ಶುರುಮಾಡುವ ಮುನ್ನವೇ ದಂತವೈದ್ಯರಿಗೆ ಬಾಯಿ ತೋರಿಸಬೇಕು. ಉಳಿಯದ ಹಲ್ಲನ್ನು ಆಗಲೇ ಕೀಳಿಸಿ, ಗಾಯ ಮಾಯಲು ಬಿಡಬೇಕು. ಶುರುವಾದ ಮೇಲೆ ಹುಳುಕು ತುಂಬಿಸಲು, ಬೇರುನಾಳದ ಚಿಕಿತ್ಸೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕೀಳುವುದನ್ನು ಆದಷ್ಟು ತಪ್ಪಿಸುತ್ತಾರೆ. ಎಂಟು ವಾರ ಕಳೆದರೂ ಮೂಳೆ ಕಾಣುತ್ತಲೇ ಇದ್ದರೆ ಈ ರೋಗವೆಂದು ಶಂಕಿಸಬೇಕು. ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಬಾಯಿ ಮುಕ್ಕಳಿಸುವುದು, ಸೋಂಕಿಗೆ ಆಂಟಿಬಯಾಟಿಕ್, ಅಗತ್ಯವಿದ್ದರೆ ಸತ್ತ ಮೂಳೆಯನ್ನು ತೆಗೆಯುವ ಶಸ್ತ್ರಕ್ರಿಯೆ ಇದರ ಚಿಕಿತ್ಸೆ. ಭಯಪಟ್ಟು ಔಷಧವನ್ನು ನಾವೇ ನಿಲ್ಲಿಸುವುದು ಮಾತ್ರ ಅಪಾಯ. ಡೆನೊಸುಮ್ಯಾಬನ್ನು ತಟ್ಟನೆ ಬಿಟ್ಟವರ ಬೆನ್ನುಮೂಳೆ ಮುರಿದದ್ದುಂಟು.

ಹಲ್ಲು ಕೀಳಿಸಲು ಹೋದ ಹಿರಿಯರು ಬಿಪಿ, ಸಕ್ಕರೆಯ ಮಾತ್ರೆಗಳ ಹೆಸರು ಹೇಳುತ್ತಾರೆ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಜೊಲೆಡ್ರೊನೇಟ್ ನೆನಪಿಗೇ ಬರುವುದಿಲ್ಲ. ಈ ಔಷಧಗಳೋ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ವಿದ್ಯಾರ್ಥಿಗಳೇ, ಈ ಭಾನುವಾರ ಅಜ್ಜಿಯ ಮಾತ್ರೆಯ ಡಬ್ಬಿ ತೆರೆದು, ಹಳೆಯ ಆಸ್ಪತ್ರೆ ಚೀಟಿಗಳನ್ನೂ ನೋಡಿ, ಎಲ್ಲ ಔಷಧಗಳ ಹೆಸರನ್ನು ಒಂದು ಕಾಗದದಲ್ಲಿ ಬರೆದಿಡಿ. ದಂತವೈದ್ಯರ ಬಳಿ ಹೋಗುವಾಗ ಆ ಕಾಗದ ಅಜ್ಜಿಯ ಕೈಯಲ್ಲಿರಲಿ.